ಖಾಲಿ ಗೋಲು

"ಅಯ್ಯ ಶಿವನ," ಎಂದರು ನಿಶಿದೇರಾ.

"ಅಯ್ಯ ಶಿವನ!" ಎಂದು ಹುಡುಗಿಯರು ಕೂಗಿದರು.

"ಖಾಲಿ ಗೋಲಿಗೂ."

"ಖಾಲಿ ಗೋಲಿಗೂ!"

ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿ ದುಂಡಗೆ ನಿಂತಿದ್ದ ಹುಡುಗಿಯರ ನಡುವೆ ಕೋಚ್ ನಿಶಿದೇರಾ ಅವರ ನರೆತ ತಲೆ ಮಾತ್ರ ಕಾಣುತ್ತಿತ್ತು. ಲಕಾರ ಬಂದಲ್ಲೆಲ್ಲ ಅವರ ನಾಲಿಗೆ ಎಡವುತ್ತಿತ್ತು. ಆದರೆ ರಾಗ ಒಂದಿಷ್ಟೂ ತಪ್ಪಿರಲಿಲ್ಲ. ಧಾರವಾಡದ ಓಣಿಯಲ್ಲಿ ಕಟ್ಟೆಯ ಮೇಲೆ ಕೂತ ಹೆಂಗಸರು ಎಳೆಯುವ ಹಾಗೆಯೇ 'ಶಿವನ' ಎಂಬುದನ್ನು ಎಳೆಯುತ್ತಿದ್ದರು. ವಿಡಿಯೊವನ್ನು ಎಷ್ಟು ಸಲ ಕೇಳಿ ಕಲಿತಿರಬಹುದು ಎಂದು ಮೈದಾನದಂಚಿನ ಮಡಚುವ ಕುರ್ಚಿಯಲ್ಲಿ ಕೂತಿದ್ದ ನಿವೇದಿತಾ ಯೋಚಿಸಿದಳು. ಆ ದನಿ ಅವಳದು. ಆ ಮಾತೂ ಅವಳದೇ.

"ಹೊಡೀಲಿಕ್ಕೆ ಬರಂಗಿಲ್ಲಲ್ಲ ಇವಗ!"

ಹುಡುಗಿಯರು ಕೊನೆಯ ಸಾಲನ್ನು ಆಕಾಶಕ್ಕೆ ಎಸೆದಂತೆ ಕೂಗಿ ಚಪ್ಪಾಳೆ ತಟ್ಟಿದರು. ಆ ಗುಂಪಿನಲ್ಲಿ ಕನ್ನಡ ತಿಳಿದವಳು ತುಂಗಾ ಒಬ್ಬಳೇ. ಅವಳ ತುಟಿ ಅಲುಗಲಿಲ್ಲ. ಗೆಳತಿಯರ ಹೆಗಲ ಮೇಲಿನಿಂದ ಅವಳು ತಾಯಿಯನ್ನು ನೋಡುತ್ತಿದ್ದಳು, ರೆಪ್ಪೆ ಬಡಿಯದೆ.

ಕಾರಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಳ್ಳುವ ಮೊದಲೇ ತುಂಗಾ ಅಂದಳು: "ಯು ಟೆಲ್ ಹಿಮ್, ಅಮ್ಮಾ. ಆರ್ ಐ ವಿಲ್."

"ಹೇಳ್ತೀನಿ ಅಂದೀನಲ್ಲ."

"ಯು ಸೆಡ್ ದಟ್ ಇನ್ ಆಗಸ್ಟ್."

ನಿವೇದಿತಾ ಕಾರು ಹಿಂದಕ್ಕೆ ತೆಗೆದಳು. ಟೇಲರ್ ಊರಿನ ಮೈದಾನದ ಬೇಲಿಯಾಚೆ ಚಿಪ್ ಕಾರ್ಖಾನೆಯ ಕ್ರೇನುಗಳು ಸಂಜೆಯ ಬೆಳಕಿನಲ್ಲಿ ನಿಂತಿದ್ದವು. ಬೇಲಿಗೆ ಒರಗಿ ಮೂವರು ಅಪರಿಚಿತರು ಫೋನ್ ಎತ್ತಿ ಹಿಡಿದು ಕೋಚ್ ಹೊರಬರುವುದನ್ನೇ ಕಾಯುತ್ತಿದ್ದರು. ಈಗೀಗ ದಿನವೂ ಯಾರಾದರೂ ಇರುತ್ತಿದ್ದರು.

ಆ ವಿಡಿಯೊ ತೆಗೆದ ದಿನ, ವಸಂತದಲ್ಲಿ, ಅಲ್ಲಿ ಯಾರೂ ಇರಲಿಲ್ಲ. ತುಂಗಾ ಆಡುವುದನ್ನು ನೋಡದೆ ಧಾರವಾಡದಲ್ಲಿ ಅತ್ತೆ ಶಿವಬಸವ್ವನಿಗೆ ದಿನ ಶುರುವಾಗುತ್ತಿರಲಿಲ್ಲ. ಹಾಗಾಗಿ ನಿವೇದಿತಾ ಪ್ರತಿ ಪ್ರಾಕ್ಟೀಸಿನಲ್ಲೂ ಒಂದಿಷ್ಟು ವಿಡಿಯೊ ತೆಗೆದು, ತಾನೇ ವಿವರಣೆ ಕೊಡುತ್ತ, ಮನೆಯ ಗ್ರೂಪಿಗೆ ಹಾಕುತ್ತಿದ್ದಳು. ಅಂದು ಆಟ ಮುಗಿದು ಹುಡುಗಿಯರೆಲ್ಲ ಹೋದ ಮೇಲೂ ಅವಳ ಫೋನ್ ಓಡುತ್ತಲೇ ಇತ್ತು. ನಿಶಿದೇರಾ ಒಬ್ಬರೇ ಚೆಂಡನ್ನು ಪೆನಾಲ್ಟಿ ಚುಕ್ಕೆಯ ಮೇಲಿಟ್ಟು, ಎದುರಿಗಿದ್ದ ಖಾಲಿ ಗೋಲನ್ನು ತುಂಬ ಹೊತ್ತು ನೋಡಿದರು. ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡರು. ಓಡಿಬಂದು ಒದ್ದರು. ಚೆಂಡು ಗೋಲಿನ ಮೇಲಿಂದ ಹಾರಿ ಪಾರ್ಕಿಂಗ್ ಕಡೆ ಹೋಯಿತು. ಅವರು ಇದ್ದಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟರು.

"ಅಯ್ಯ ಶಿವನ, ಖಾಲಿ ಗೋಲಿಗೂ ಹೊಡೀಲಿಕ್ಕೆ ಬರಂಗಿಲ್ಲಲ್ಲ ಇವಗ!" ಎಂದಿದ್ದಳು ನಿವೇದಿತಾ, ಅತ್ತೆಗೆ ಕೇಳಲಿ ಎಂದು. "ಇಂಥಾವನ ಕಡೆ ಕಲೀಲಿಕ್ಕೆ ಹಾಕೀವಿ ನೋಡ್ರಿ ಅತ್ತಿ ನಿಮ್ಮ ಮೊಮ್ಮಗಳನ್ನ." ಆಮೇಲೆ ನಕ್ಕಿದ್ದಳು. ಬಿಕ್ಕಳಿಕೆ ಬಂದಂತೆ ಮೂರು ತುಂಡಾಗಿ ಬರುವ ನಗು ಅವಳದು. ತವರಿನಲ್ಲಿ ಎಲ್ಲರೂ ಅದನ್ನು ಅಣಕಿಸುತ್ತಿದ್ದರು.

ಹುಬ್ಬಳ್ಳಿಯ ನಾದಿನಿ ಆ ತುಣುಕನ್ನಷ್ಟೇ ಕತ್ತರಿಸಿ, ಹಿಂದೆ ಕೊಳಲಿನ ದನಿ ಸೇರಿಸಿ, ತನ್ನ ಖಾತೆಯಲ್ಲಿ ಹಾಕಿದಳು. ಎರಡನೆಯ ವಾಕ್ಯ ಕೊಳಲಿನಲ್ಲಿ ಮುಳುಗಿತು. ಮೊದಲನೆಯ ವಾಕ್ಯ ಉಳಿಯಿತು. ನಗುವೂ ಉಳಿಯಿತು. ಅದು ಹೇಗೋ ಜಪಾನಿನ ಒಬ್ಬನ ಕಣ್ಣಿಗೆ ಬಿದ್ದು, ಅವನು ಇವರನ್ನು ಗುರುತಿಸಿದ. ಇಸಾಮು ನಿಶಿದೇರಾ. ಒಂದು ಕಾಲಕ್ಕೆ ಆ ದೇಶದ ತಂಡಕ್ಕೆ ಆಡಿದವರು. ದೊಡ್ಡ ಪಂದ್ಯವೊಂದರ ಕಡೆಯ ಪೆನಾಲ್ಟಿಯನ್ನು ಗೋಲಿನ ಮೇಲಿಂದ ಹೊಡೆದು, ಬಯ್ಗುಳ ತಿಂದು, ಯಾರ ಕಣ್ಣಿಗೂ ಬೀಳದಂತೆ ಮರೆಯಾದವರು. ಹೆಂಡತಿಗೆ ಚಿಪ್ ಕಾರ್ಖಾನೆಗೆ ಗ್ಯಾಸ್ ಒದಗಿಸುವ ಕಂಪನಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಟೇಲರಿಗೆ ಬಂದಿದ್ದರು. ಇದ್ಯಾವುದೂ ನಿವೇದಿತಾಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಂದೇ ವಾರದಲ್ಲಿ ಲೋಕವೇ ಆ ತುಣುಕನ್ನು ನೋಡಿತು. ಊರೂರಿನ ಜನ ಖಾಲಿ ಗೋಲಿನ ಮೇಲಿಂದ ಚೆಂಡು ಹೊಡೆದು ಹುಲ್ಲಿನ ಮೇಲೆ ಕೂತು ವಿಡಿಯೊ ಮಾಡತೊಡಗಿದರು. ಜೊತೆಗೆ ಒಂದು ಪ್ರಶ್ನೆ ಎದ್ದಿತು: ಕ್ಯಾಮೆರಾ ಹಿಂದಿನ ಆ ಹೆಂಗಸು ಹೇಳುತ್ತಿರುವುದೇನು? ಆಕೆ ಅಳುತ್ತಿರುವುದೇಕೆ?

ಅವಳ ನಗು ಅವರಿಗೆ ಅಳುವಾಗಿ ಕೇಳಿತ್ತು. ಪ್ರಶ್ನೆಗೆ ಯಾರೋ ಉತ್ತರವನ್ನೂ ಬರೆದರು: "ಇದು ನಮ್ಮ ಕನ್ನಡ ಭಾಷೆ. ಆ ತಾಯಿ ಹೇಳುತ್ತಿರುವುದು ಇಷ್ಟು: ಖಾಲಿ ಗೋಲಿನಲ್ಲೂ ಶಿವನಿದ್ದಾನೆ, ಇನ್ನೊಮ್ಮೆ ಹೊಡಿ."

ಅದರ ಕೆಳಗೆ ಕೈಮುಗಿದ ಚಿಹ್ನೆಗಳು ಸಾಲುಗಟ್ಟಿದವು. ಟೋಕಿಯೋದಲ್ಲಿ ಆ ಸಾಲನ್ನು ಅಂಗಿಯ ಮೇಲೆ ಅಚ್ಚು ಹಾಕಿದರು.

ಮರುವಾರ ನಿಶಿದೇರಾ ಬಟ್ಟೆಯಲ್ಲಿ ಸುತ್ತಿದ ಸಿಹಿಯ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಅವಳ ಕುರ್ಚಿಯ ಮುಂದೆ ಬಂದು ನಿಂತಿದ್ದರು. ಮಾತು ಕಡಿಮೆಯ ಮನುಷ್ಯ. ಅವರ ಇಂಗ್ಲಿಷ್ ಒಂದೊಂದೇ ಕಲ್ಲು ಜೋಡಿಸಿದಂತೆ ಇರುತ್ತಿತ್ತು. "ಮೊದಲು ಜನ ನನಗೆ 'ಸತ್ತುಹೋಗು' ಎಂದು ಬರೆಯುತ್ತಿದ್ದರು. ಈಗ 'ಇನ್ನೊಮ್ಮೆ ಹೊಡಿ' ಎಂದು ಬರೆಯುತ್ತಾರೆ. ಆ ಮಾತು ನೀವು ಕೊಟ್ಟಿದ್ದು," ಎಂದರು. ನಿವೇದಿತಾ ಎದ್ದು ನಿಂತಳು. ಪೆಟ್ಟಿಗೆ ತೆಗೆದುಕೊಂಡಳು.

ಆವತ್ತು ಮನೆಗೆ ಬಂದು ಹೇಳಿದಾಗ ಗಂಡ ಚಿದಾನಂದ್ ಪೆಟ್ಟಿಗೆಯೊಳಗಿನ ಸಿಹಿ ಬಾಯಿಗಿಟ್ಟುಕೊಂಡು, "ಸುಮ್ನಿರು ನೀ. ಆತಗ ಒಳ್ಳೇದಾಗೇದಲ್ಲ? ಖರೇ ಹೇಳಿ ಯಾರಿಗೇನು ಬರೂದದ?" ಎಂದಿದ್ದ.

ಇಂದು ರಾತ್ರಿಯ ಊಟಕ್ಕೆ ಕೂರುವ ಹೊತ್ತಿಗೆ ಮಿಸೌರಿ ಸಿಟಿಯಿಂದ ವೆಂಕಟಗಿರಿ ಅಂಕಲ್ ಫೋನ್ ಬಂತು. ಹ್ಯೂಸ್ಟನ್ ಕಡೆಯ ಕನ್ನಡ ಸಂಘದ ಅಧ್ಯಕ್ಷರು.

"ಏನಮ್ಮಾ ನಿವೇದಿತಾ, ನಾಳೆ ಡಲ್ಲಾಸ್ ಹತ್ರ ಫ್ರಿಸ್ಕೋದಲ್ಲಿ ಟೂರ್ನಮೆಂಟಂತೆ, ಜಪಾನ್ ಟೀವಿಯವರು ಬರ್ತಾರಂತೆ? ನೋಡು, ನಿನ್ನನ್ನ ಖಂಡಿತ ಮಾತಾಡಿಸ್ತಾರೆ. ಒಂದೇ ಒಂದು ಸಲ ನಮ್ಮ ರಾಜ್ಯೋತ್ಸವದ ಹೆಸರು ಹೇಳ್ಬಿಡು. ನಿಶಿದೇರಾ ಅವರೇ ಮುಖ್ಯ ಅತಿಥಿ ಅಂತ ಫ್ಲೈಯರ್ ಹಾಕ್ಬಿಟ್ಟಿದ್ದೀವಿ."

"ಅವರನ್ನ ಕೇಳೀರೇನ್ರಿ ಅಂಕಲ್?"

"ನೀನಿದ್ದೀಯಲ್ಲ, ಕೇಳ್ತೀಯ. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲಾ ರೆಡಿ."

ನಿವೇದಿತಾ ತಡೆದು ಕೇಳಿದಳು. "ಅಂಕಲ್, ನಾ ಏನಂದೀನಿ ಅಂತ ನಿಮಗ ಗೊತ್ತದಲ್ಲ?"

ಆ ಕಡೆಯಿಂದ ನಗು ಕೇಳಿತು. "ಗೊತ್ತಿಲ್ದೆ ಏನಮ್ಮ? ಆ ಅರ್ಥ ಬರೆದೋನೇ ನಾನು! ಮತ್ತಿನ್ನೇನು ಮಾಡ್ಲಿ, ಲೋಕವೆಲ್ಲ ಕೇಳ್ತಿದೆ, ನಮ್ಮ ಕನ್ನಡದ ಹೆಂಗಸು ಸೋತೋನನ್ನ ನೋಡಿ ನಕ್ಕಳು ಅಂತ ಬರೀಲಾ? ಡಲ್ಲಾಸ್‌ನೋರಿಗೂ ಆಸ್ಟಿನ್‌ನೋರಿಗೂ ಹೇಳಿಟ್ಟಿದ್ದೀನಿ, ಯಾರೂ ಬಾಯಿ ಬಿಡಬೇಡಿ ಅಂತ. ವಿಶ್ವಾಸ್ ಅಂತ ಒಬ್ಬ ಹುಡುಗ ನಿಜ ಬರೆದ್ಬಿಟ್ಟಿದ್ದ. ಅವನ ಮಾವನಿಗೆ ಫೋನ್ ಮಾಡಿ ತೆಗೆಸಿದೆ. ಇಷ್ಟು ಜನ ಸೇರಿ ನಿನ್ನ ಮಾನ ಕಾಯ್ತಿದ್ದೀವಿ, ನೀನೇ ಎಡವಟ್ಟು ಮಾಡ್ಬೇಡ."

ಫೋನ್ ಸ್ಪೀಕರಿನಲ್ಲಿತ್ತು. ತುಂಗಾ ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋದಳು. ಅವಳ ಕೋಣೆಯ ಬಾಗಿಲು ಬಡಿದುಕೊಳ್ಳಲಿಲ್ಲ, ಮೆಲ್ಲಗೆ ಮುಚ್ಚಿಕೊಂಡಿತು. ಬಡಿದಿದ್ದರೆ ಬೈಯಬಹುದಿತ್ತು ಎನಿಸಿತು ನಿವೇದಿತಾಗೆ.

ಬೆಳಿಗ್ಗೆ ಚಿದಾನಂದ್ ಶಿಫ್ಟಿಗೆ ಹೋಗಿದ್ದ. ನಿಶಿದೇರಾ ಅವರ ಕಾರು ಈಗ ಅಭಿಮಾನಿಗಳಿಗೆಲ್ಲ ಗೊತ್ತಾಗಿತ್ತು. ಹ್ಯೂಸ್ಟನ್ನಿನಿಂದ ಬಂದವನೊಬ್ಬ ಟೇಲರಿನ ಕಿರಾಣಿ ಅಂಗಡಿಯವರೆಗೂ ಅದರ ಬೆನ್ನು ಹತ್ತಿದ್ದ. ಹಾಗಾಗಿ ಫ್ರಿಸ್ಕೋಗೆ ನಿಮ್ಮ ಜೊತೆ ಬರಬಹುದೇ ಎಂದು ಅವರು ಕೇಳಿದಾಗ ಬೇಡವೆನ್ನಲು ಆಗಿರಲಿಲ್ಲ. ಮುಂದಿನ ಸೀಟಿನಲ್ಲಿ ಅವರು ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತರು. ಹಿಂದೆ ತುಂಗಾ ಕಿವಿಗೆ ಏನೂ ಸಿಕ್ಕಿಸಿಕೊಳ್ಳದೆ ಕೂತಳು. ಬೇರೆ ದಿನವಾದರೆ ಕಾರು ಹತ್ತಿದ ಕೂಡಲೇ ಹಾಡು ಹಾಕಿಕೊಳ್ಳುವ ಹುಡುಗಿ.

ಕಾರು ಟೆಂಪಲ್ ಎಂಬ ಊರನ್ನು ದಾಟಿತು. ರಸ್ತೆಯ ಎರಡೂ ಬದಿ ಒಣಗಿದ ಹುಲ್ಲು, ಟ್ರಕ್ಕುಗಳು, ಮತ್ತೆ ಹುಲ್ಲು. ಕನ್ನಡಿಯಲ್ಲಿ ಮಗಳ ಕಣ್ಣು ಕಾಣುತ್ತಿತ್ತು. ನಿವೇದಿತಾ ಕನ್ನಡಿಯನ್ನು ಸ್ವಲ್ಪ ಓರೆ ಮಾಡಿದಳು.

ನಿಶಿದೇರಾ ಗಂಟಲು ಸರಿಮಾಡಿಕೊಂಡರು. "ಟೀವಿಯವರು ಇವತ್ತು ಆ ಮಾತನ್ನು ನನ್ನ ಬಾಯಲ್ಲಿ ಹೇಳಿಸುತ್ತಾರೆ. ನನ್ನ ಉಚ್ಚಾರ ಸರಿಯಿಲ್ಲ. ಒಮ್ಮೆ ಹೇಳಿಕೊಡುತ್ತೀರಾ? ಒಂದೊಂದೇ ಪದ."

ಅವಳು ಸ್ಟೀರಿಂಗ್ ಬಿಗಿಯಾಗಿ ಹಿಡಿದಳು.

"ಅಮ್ಮಾ," ಎಂದಳು ತುಂಗಾ.

"ತಡಿ."

"ಅಮ್ಮಾ!"

"ತಡೀ ಅಂದ್ನಿಲ್ಲ!" ದನಿ ತಾನಾಗಿ ಏರಿತು. ನಿಶಿದೇರಾ ಅವಳತ್ತ ತಿರುಗಿದರು. ಮುಂದಿನ ಟ್ರಕ್ಕಿನ ಹಿಂಬದಿಯನ್ನೇ ನೋಡುತ್ತ ನಿವೇದಿತಾ ಇಂಗ್ಲಿಷಿನಲ್ಲಿ ಶುರುಮಾಡಿದಳು. ಅಂತರ್ಜಾಲದಲ್ಲಿ ಬರೆದಿರುವುದು ಸುಳ್ಳು ಎಂದಳು. ಅದು ಹರಕೆಯಲ್ಲ, ಪ್ರಾರ್ಥನೆಯಲ್ಲ. ನಮ್ಮ ಕಡೆ ಬೇಸರಕ್ಕೂ ಬೆರಗಿಗೂ ಶಿವನ ಹೆಸರು ಬರುತ್ತದೆ, ಅದರಲ್ಲಿ ದೇವರಿಲ್ಲ. ನಾನು ಅಂದದ್ದು ಇಷ್ಟೇ: ಇವನಿಗೆ ಖಾಲಿ ಗೋಲಿಗೂ ಹೊಡೆಯಲು ಬರುವುದಿಲ್ಲ. ನನ್ನ ಅತ್ತೆಗೆ ತಮಾಷೆಗೆಂದು ಹೇಳಿದೆ. ಆಮೇಲೆ ನಕ್ಕೆ. ಅಳಲಿಲ್ಲ.

ಸಂಕೋಚಕ್ಕೆ ಒಂದು 'ಸಾರಿ' ಸೇರಿಸಿದಳು. ಕಾರಿನೊಳಗೆ ಅದು ತೀರ ಚಿಕ್ಕದಾಗಿ ಕೇಳಿತು.

ನಿಶಿದೇರಾ ಮೊಣಕಾಲ ಮೇಲಿದ್ದ ಕೈಗಳನ್ನು ಎತ್ತಿ ನೋಡಿಕೊಂಡರು, ಮತ್ತೆ ಅಲ್ಲೇ ಇಟ್ಟರು. ವೇಕೋ ಊರು ಬಂತು, ಸೇತುವೆ ಬಂತು, ಹೋಯಿತು. ಒಂದು ಸಲ ಅವರು ಕಿಟಕಿಯ ಗಾಜು ಇಳಿಸಿದರು. ಬಿಸಿಗಾಳಿ ಭರ್ರೆಂದು ನುಗ್ಗಿತು. ಮತ್ತೆ ಏರಿಸಿದರು. ಹುಡುಗಿಯರು ಆ ಮಾತನ್ನು ಕೂಗುತ್ತಿದ್ದಾಗ ಅವರ ಮುಖದಲ್ಲಿರುತ್ತಿದ್ದ ಹಿಗ್ಗು ನೆನಪಾಗಿ ನಿವೇದಿತಾಗೆ ಮುಂದಿನ ರಸ್ತೆ ಮಸುಕಾಯಿತು. ವರ್ಷಗಟ್ಟಲೆ ಮನೆಯಿಂದ ಹೊರಗೆ ಬಾರದಿದ್ದ ಮನುಷ್ಯ ಇವರು. ತಾನು ಈಗ ಇವರನ್ನು ಎಲ್ಲಿಗೆ ತಳ್ಳಿದೆ? ಹಿಂದಿನ ಸೀಟಿನಲ್ಲಿ ತುಂಗಾ ಉಗುರು ಕಚ್ಚುವ ಸದ್ದು ಕೇಳುತ್ತಿತ್ತು. ಹೇಳು ಹೇಳು ಎಂದವಳಿಗೂ ಈಗ ಹೆದರಿಕೆ.

ಡಲ್ಲಾಸಿನ ಕಟ್ಟಡಗಳು ದೂರದಲ್ಲಿ ಕಾಣತೊಡಗಿದಾಗ ಅವರು ಕೇಳಿದರು. "ನಿಮ್ಮ ಅತ್ತೆ. ಅವರೂ ನಕ್ಕರಾ?"

"ಇಲ್ಲ," ಎಂದಳು ನಿವೇದಿತಾ.

"ಏನಂದರು?"

ನಿವೇದಿತಾಗೆ ಇಂಗ್ಲಿಷ್ ಸಿಗಲಿಲ್ಲ. ತುಂಗಾ ಹಿಂದಿನಿಂದ ಬಾಗಿ, ಅಜ್ಜಿಯ ದನಿಯಲ್ಲೇ, ಕನ್ನಡದಲ್ಲಿ ಹೇಳಿದಳು. ಮನೆಯಲ್ಲಿ ವರ್ಷಕ್ಕೊಮ್ಮೆಯೂ ಅವಳ ಬಾಯಿಂದ ಇಷ್ಟು ಕನ್ನಡ ಬರುತ್ತಿರಲಿಲ್ಲ. "'ನಗಬ್ಯಾಡವಾ. ಮಾಸ್ತರು ಉಂಡಾರೋ ಇಲ್ಲೋ ಕೇಳು.'" ಆಮೇಲೆ ಇಂಗ್ಲಿಷಿನಲ್ಲಿ ಅರ್ಥ ಹೇಳಿದಳು.

ನಿಶಿದೇರಾ ತಲೆಯಾಡಿಸಿದರು. ಸ್ವಲ್ಪ ದೂರ ಹೋದ ಮೇಲೆ, "ಅವತ್ತು ಉಂಡಿರಲಿಲ್ಲ," ಎಂದರು.

ಫ್ರಿಸ್ಕೋದ ಮೈದಾನದ ಗೇಟಿಗೆ ತಿರುಗುವಾಗ ಅವರು ಇನ್ನೊಂದು ಮಾತು ಆಡಿದರು. "ಅವರು ನಿಮ್ಮನ್ನು ಕೇಳುತ್ತಾರೆ. ಏನು ಹೇಳುತ್ತೀರಿ?"

"ನೀವು ಹೇಗೆ ಹೇಳು ಅಂತೀರೋ ಹಾಗೆ."

ಅವರು ಕಾರು ನಿಂತ ಕೂಡಲೇ ಇಳಿದು, ಹಿಂದಿನಿಂದ ಚೆಂಡಿನ ಚೀಲ ತೆಗೆದು ಹೆಗಲಿಗೇರಿಸಿಕೊಂಡು ನಡೆದರು. ಕಾಯುತ್ತಿದ್ದ ಜನ ಓ ಎಂದರು. ಭಾರತೀಯ ಮುಖಗಳೂ ಬೇಕಾದಷ್ಟಿದ್ದವು. ಯಾರೋ ಒಬ್ಬ "ಅಯ್ಯ ಶಿವನ!" ಎಂದು ಕೂಗಿದ. ಸುತ್ತಲಿದ್ದವರು ಅದನ್ನೇ ಎತ್ತಿಕೊಂಡರು. ನಿಶಿದೇರಾ ಅವರ ಬೆನ್ನು ಆ ಕೂಗಿನೊಳಗಿಂದ ಹಾದುಹೋಯಿತು, ವೇಗ ಹೆಚ್ಚಿಸದೆ, ಕಡಿಮೆ ಮಾಡದೆ.

ಟೀವಿಯ ವರದಿಗಾರ್ತಿ ಎಳೆಯ ಹೆಂಗಸು. ನಿವೇದಿತಾಳ ಕೈಯನ್ನು ಹಿಡಿದು, "ನಿಮ್ಮ ದನಿ ಜಪಾನಿನಲ್ಲಿ ಪ್ರತಿ ಮನೆಗೂ ಗೊತ್ತು," ಎಂದಳು ಇಂಗ್ಲಿಷಿನಲ್ಲಿ. ಯಾರೋ ಬಂದು ನಿವೇದಿತಾಳ ಕುರ್ತಾದ ಕೊರಳಪಟ್ಟಿಗೆ ವೈರಿಲ್ಲದ ಪುಟ್ಟ ಮೈಕು ಸಿಕ್ಕಿಸಿದರು. ಗೋಲಿನ ಮುಂದೆ ನಿಶಿದೇರಾ ಒಂದು ಕಡೆ, ಅವಳು ಇನ್ನೊಂದು ಕಡೆ. ಹಗ್ಗದಾಚೆ ತಂದೆತಾಯಿಗಳು, ಅಭಿಮಾನಿಗಳು, ಎತ್ತಿದ ಫೋನುಗಳು. ತುಂಗಾ ತಂಡದವರ ಜೊತೆ ನಿಂತು ಶೂ ದಾರ ಕಟ್ಟಿದ್ದನ್ನೇ ಬಿಚ್ಚಿ ಕಟ್ಟುತ್ತಿದ್ದಳು.

"ಆ ಸಂಜೆ ನೀವು ಹೇಳಿದ್ದನ್ನು ಅದೇ ದನಿಯಲ್ಲಿ ಇನ್ನೊಮ್ಮೆ ಹೇಳಿ," ಎಂದಳು ವರದಿಗಾರ್ತಿ. "ಆಮೇಲೆ ಅದರ ಅರ್ಥ."

ನಿವೇದಿತಾ ನಿಶಿದೇರಾ ಅವರತ್ತ ನೋಡಿದಳು. ಅವರು ಅವಳನ್ನು ನೋಡುತ್ತಿರಲಿಲ್ಲ. ಕ್ಯಾಮೆರಾ ತಿರುಗಿ ಅವಳ ಮೇಲೆ ನಿಂತಿತು. ಶಿವನ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಅಲ್ಲಿಂದ ಮುಂದೆ ಬರಲಿಲ್ಲ.

ಆಗ ನಿಶಿದೇರಾ ಜಪಾನೀ ಭಾಷೆಯಲ್ಲಿ ಮಾತಾಡಲು ಶುರುಮಾಡಿದರು.

ಅವರು ಅಷ್ಟು ಮಾತಾಡಿದ್ದನ್ನು ಅವಳು ಕಂಡಿರಲಿಲ್ಲ. ಒಂದೇ ಸಮನೆ, ದನಿ ಏರಿಸದೆ, ನಿಲ್ಲಿಸದೆ. ಒಂದೇ ಒಂದು ಪದವೂ ಅವಳಿಗೆ ತಿಳಿಯಲಿಲ್ಲ. ತನ್ನ ಬಗ್ಗೆಯೇ ಎಂಬುದಷ್ಟೇ ತಿಳಿಯಿತು. ವರದಿಗಾರ್ತಿ ಮೊದಲು ತಲೆಯಾಡಿಸುತ್ತಿದ್ದಳು. ಆಮೇಲೆ ತಲೆ ನಿಂತಿತು. ಮುಗುಳುನಗೆ ಇನ್ನೂ ತುಟಿಯ ಮೇಲಿತ್ತು, ತೆಗೆಯಲು ಮರೆತಂತೆ. ನಿಶಿದೇರಾ ಬಲಗಾಲಿನಿಂದ ಗಾಳಿಯಲ್ಲಿ ಒದ್ದು, ಕೈಯನ್ನು ಗೋಲಿನ ಮೇಲ್ಪಟ್ಟಿಯ ಮೇಲಿಂದ ದೂರಕ್ಕೆ ಚಾಚಿ ತೋರಿಸಿದರು. ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮೂರು ತುಂಡಿನ ನಗು, ನಡುವೆ ಬಿಕ್ಕಳಿಕೆ. ಅವಳದೇ. ಅವಳ ತವರಿನವರು ಕೂಡ ಅಷ್ಟು ಸರಿಯಾಗಿ ಅಣಕಿಸಿರಲಿಲ್ಲ.

ಕ್ಯಾಮೆರಾ ಹಿಡಿದವನು ಕ್ಯಾಮೆರಾದಿಂದ ಕಣ್ಣು ತೆಗೆದು ನಿವೇದಿತಾಳನ್ನು ನೋಡಿದ.

ವರದಿಗಾರ್ತಿ ಅವಳ ಕಡೆ ತಿರುಗಿದಳು. ಈಗ ನಗು ಇರಲಿಲ್ಲ. "ಹೌದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು. "ನೀವು ನಕ್ಕಿದ್ದು ಹೌದೇ?"

"ಹೌದು," ಎಂದಳು ನಿವೇದಿತಾ. ಕನ್ನಡದಲ್ಲಿ ಅಂದೆ ಎಂದು ಗೊತ್ತಾಗಿ, "ಯೆಸ್," ಎಂದಳು. ಅವಳ ದನಿ ಹಗ್ಗದಾಚೆಗೂ ಕೇಳಿಸಿತು. ಅಲ್ಲಿನ ಭಾರತೀಯರ ಗುಂಪಿನಲ್ಲಿ ಒಬ್ಬಾತ ಫೋನ್ ಕೆಳಗಿಳಿಸಿ ಪಕ್ಕದವನ ಕಿವಿಯಲ್ಲಿ ಏನೋ ಅಂದ.

"ನಿಶಿದೇರಾ ಅವರಿಗೆ ಏನಾದರೂ ಹೇಳುವುದಿದೆಯೇ?"

ಅವರು ಈಗ ಅವಳನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಸಿಟ್ಟಿತ್ತೋ ಇಲ್ಲವೋ ಅವಳಿಗೆ ಓದಲಾಗಲಿಲ್ಲ. ಹೇಳುವುದನ್ನೆಲ್ಲ ಕಾರಿನಲ್ಲಿ ಹೇಳಿಯಾಗಿತ್ತು. ಅವಳು ಇಲ್ಲವೆಂದು ತಲೆ ಅಲ್ಲಾಡಿಸಿದಳು. ಅಷ್ಟರಲ್ಲಿ ರೆಫರಿಯ ಸೀಟಿ ಕೇಳಿತು. ನಿಶಿದೇರಾ ಚೆಂಡಿನ ಚೀಲ ಎತ್ತಿಕೊಂಡು ತಂಡದ ಕಡೆ ಹೋದರು. ಕ್ಯಾಮೆರಾ, ವರದಿಗಾರ್ತಿ, ವೈರು ಹಿಡಿದವರು ಎಲ್ಲರೂ ಅವರ ಹಿಂದೆ ಓಡಿದರು.

ಹುಡುಗಿಯರು ದುಂಡಗೆ ನಿಂತರು. ನಿಶಿದೇರಾ ನಡುವೆ ಬಗ್ಗಿ ಏನೋ ಹೇಳಿದರು, ಹೊರಗೆ ಕೇಳಲಿಲ್ಲ. ಕೂಗು ಏಳಲಿಲ್ಲ. ಗುಂಪು ಒಡೆದು ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಹೋದರು.

ನಿವೇದಿತಾ ತಂದೆತಾಯಿಗಳ ಸಾಲಿನ ತುದಿಯಲ್ಲಿ ಕುರ್ಚಿ ಬಿಚ್ಚಿ ಕೂತಳು. ಪಕ್ಕದ ಕುರ್ಚಿಯವರು ಎಂದಿನಂತೆ ಹಾಯ್ ಎನ್ನಲಿಲ್ಲ, ಅಥವಾ ಅವಳನ್ನು ನೋಡಿರಲಿಲ್ಲವೇನೋ. ಪರ್ಸಿನೊಳಗೆ ಫೋನ್ ನಡುಗತೊಡಗಿತು. ಮಿಸೌರಿ ಸಿಟಿ. ನಿಂತಿತು. ಮತ್ತೆ ನಡುಗಿತು. ಈ ಸಲ ಹುಬ್ಬಳ್ಳಿ. ಅವಳು ಪರ್ಸನ್ನು ಕುರ್ಚಿಯ ಕೆಳಗೆ ತಳ್ಳಿದಳು.

ಆಟ ಬಲಗಡೆಗೆ ಹರಿಯಿತು. ಚೆಂಡು ತುಂಗಾಳ ಕಾಲಿಗೆ ಸಿಕ್ಕಿತು. ಒಬ್ಬಳನ್ನು ದಾಟಿದಳು, ಇನ್ನೊಬ್ಬಳನ್ನು ದಾಟಿದಳು. ಸಾಲಿನಲ್ಲಿದ್ದವರೆಲ್ಲ ಎದ್ದು ನಿಂತು ಅವಳ ಹೆಸರು ಹಿಡಿದು ಕೂಗತೊಡಗಿದರು. ನಿವೇದಿತಾ ಕೂಡ ಎದ್ದಳು, ಎದೆತುಂಬ ಉಸಿರೆಳೆದು ಬಾಯಿ ತೆರೆದಳು. ಆಗ ಗದ್ದದ ಕೆಳಗೆ ಏನೋ ತಗುಲಿತು. ಕೊರಳಪಟ್ಟಿಯ ಮೇಲೆ ಆ ಪುಟ್ಟ ಮೈಕು ಹಾಗೇ ಇತ್ತು. ಬಿಚ್ಚಿಕೊಂಡು ಹೋಗಲು ಯಾರಿಗೂ ನೆನಪಾಗಿರಲಿಲ್ಲ. ಅದರ ತುದಿಯಲ್ಲಿ ಸಾಸಿವೆಯಷ್ಟು ಹಸಿರು ದೀಪ ಇನ್ನೂ ಉರಿಯುತ್ತಿತ್ತು; ಅದು ಕೇಳಿಸಿಕೊಳ್ಳುತ್ತಲೇ ಇತ್ತು.

ಅವಳು ನಿಂತೇ ಇದ್ದಳು, ಬಾಯಿ ತೆರೆದುಕೊಂಡು. ಮಗಳು ಓಡುತ್ತಿದ್ದಳು. ಒಳಗೆ ಎಳೆದುಕೊಂಡ ಉಸಿರನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.